‘ಡಿಫಂಡ್ ದ ಪೊಲೀಸ್’ ಕೂಗು ಮತ ಕಳೆಯಿತೇ? ಅಳೆದು ನೋಡುವ ಬಗೆ

2020ರ ನವೆಂಬರ್ 3ರ ಅಮೆರಿಕ ಚುನಾವಣೆಯಲ್ಲಿ ಜೋ ಬೈಡನ್ ದೇಶದ ಒಟ್ಟು ಮತದಲ್ಲಿ ಸುಮಾರು 70 ಲಕ್ಷದಷ್ಟು ಮುಂದಿದ್ದರು. ಅದೇ ದಿನ ಅವರದೇ ಡೆಮಾಕ್ರಟಿಕ್ ಪಕ್ಷ ಪ್ರತಿನಿಧಿ ಸಭೆಯಲ್ಲಿ ಹಿಂದೆ ಬಿತ್ತು. 2018ರಲ್ಲಿ ಗೆದ್ದಿದ್ದ 235 ಸ್ಥಾನ 222ಕ್ಕೆ ಇಳಿಯಿತು. ಎರಡೇ ದಿನದಲ್ಲಿ ಪಕ್ಷದೊಳಗೆ ಒಂದು ಕಾರಣ ಓಡಾಡತೊಡಗಿತು: ಆ ಬೇಸಿಗೆಯಲ್ಲಿ ಪೊಲೀಸ್ ಹಿಂಸೆಯ ವಿರುದ್ಧ ಎದ್ದ ‘ಡಿಫಂಡ್ ದ ಪೊಲೀಸ್’ (ಪೊಲೀಸರ ಹಣ ಕಡಿತ ಮಾಡಿ ಅಥವಾ ನಿಲ್ಲಿಸಿ) ಎಂಬ ಘೋಷಣೆ. ವರ್ಜೀನಿಯಾದ ಸಂಸದೆ ಅಬಿಗೇಲ್ ಸ್ಪ್ಯಾನ್‌ಬರ್ಗರ್, ಆ ಘೋಷಣೆ ಹಿಡಿದು ಮಾಡಿದ ಜಾಹೀರಾತಿನಿಂದ ತಮ್ಮ ಸ್ಥಾನವೇ ಹೋಗುವುದರಲ್ಲಿತ್ತು ಎಂದು ಪಕ್ಷದ ಒಳಗಿನ ಫೋನ್ ಸಭೆಯಲ್ಲಿ ಹೇಳಿದ್ದು ಹೊರಗೆ ಬಂತು. ಹಿರಿಯ ಸಂಸದ ಜಿಮ್ ಕ್ಲೈಬರ್ನ್ ಅದನ್ನು, 1960ರ ದಶಕದಲ್ಲಿ ಚಳವಳಿಗೇ ಹಾನಿ ಮಾಡಿತೆಂದು ತಾವು ನಂಬಿದ್ದ ‘ಬರ್ನ್, ಬೇಬಿ, ಬರ್ನ್’ (ಸುಡು, ಸುಡು) ಕೂಗಿಗೆ ಹೋಲಿಸಿದರು. ಪಕ್ಷದ ಎಡಪಂಥೀಯ ಬಣದ ಸಂಸದೆ ಅಲೆಕ್ಸಾಂಡ್ರಿಯಾ ಒಕಾಸಿಯೊ ಕೊರ್ಟೆಜ್ ಒಪ್ಪಲಿಲ್ಲ. ಸೋತವರ ಡಿಜಿಟಲ್ ಪ್ರಚಾರವೇ ದುರ್ಬಲವಾಗಿತ್ತು ಎಂದರು.

ಎರಡೂ ಕಡೆಯವರ ಕೈಯಲ್ಲಿದ್ದದ್ದು ಒಂದೇ ಫಲಿತಾಂಶ. ಆ ಫಲಿತಾಂಶದ ಅಂಕಿಯಿಂದ ಯಾರ ವಾದವೂ ಸಾಬೀತಾಗುವುದಿಲ್ಲ. ಹಾಗಾದರೆ ಒಂದು ಘೋಷಣೆ ಮತದಾರರನ್ನು ಏನು ಮಾಡಿತು ಎಂದು ತಿಳಿಯುವುದು ಹೇಗೆ? ಚುನಾವಣಾ ವರದಿ ಬರೆಯುವವರಿಗೆ, ಸಮೀಕ್ಷೆ ಮಾಡುವವರಿಗೆ, ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಉಪಯೋಗವಾಗುವಂತೆ ಆ ಕೆಲಸದ ಕ್ರಮವನ್ನು ಇಲ್ಲಿ ಬಿಡಿಸಿಟ್ಟಿದ್ದೇವೆ.

ಮೊದಲ ಕೆಲಸ: ಒಂದು ಪ್ರಶ್ನೆಯನ್ನು ಮೂರು ಮಾಡಿಕೊಳ್ಳಿ

‘ಘೋಷಣೆಯ ಪರಿಣಾಮ’ ಎಂಬ ಒಂದೇ ಮಾತಿನೊಳಗೆ ಮೂರು ಪ್ರಶ್ನೆಗಳು ಅಡಗಿವೆ. ಆ ಪದಗಳು ಜನರಿಗೆ ಹಿಡಿಸುತ್ತವೆಯೇ? ಪದಗಳ ಹಿಂದಿರುವ ಯೋಜನೆ ಹಿಡಿಸುತ್ತದೆಯೇ? ಅದರಿಂದಾಗಿ ಯಾರಾದರೂ ಮತ ಬದಲಿಸಿದರೇ, ಅಥವಾ ಮತ ಹಾಕಲು ಬಂದರೇ, ಬಾರದೆ ಉಳಿದರೇ?

ಒಂದರ ಉತ್ತರ ಇನ್ನೊಂದಕ್ಕೆ ಸಲ್ಲುವುದಿಲ್ಲ. ಘೋಷಣೆಯನ್ನು ದ್ವೇಷಿಸಿಯೂ ಅದೇ ಪಕ್ಷಕ್ಕೆ ಮತ ಹಾಕಿದವರು ಲಕ್ಷಾಂತರ ಇದ್ದಾರೆ. ಯೋಜನೆಯನ್ನು ಒಪ್ಪಿಯೂ ಆ ಪದ ಕೇಳಿದೊಡನೆ ಬೆನ್ನು ತಿರುಗಿಸಿದವರೂ ಇದ್ದಾರೆ. ಸಮೀಕ್ಷೆಯಲ್ಲಿ ಶೇ 64 ಮಂದಿ ‘ವಿರೋಧ’ ಎಂದದ್ದನ್ನು ಹಿಡಿದು ‘ಹೀಗಾಗಿ ಪಕ್ಷ ಸೋತಿತು’ ಎಂದು ಬರೆದರೆ, ಮೊದಲ ಪ್ರಶ್ನೆಯ ಉತ್ತರವನ್ನು ಮೂರನೆಯದಕ್ಕೆ ಅಂಟಿಸಿದಂತೆ. ಈ ವಿಷಯದಲ್ಲಿ ಅತಿ ಹೆಚ್ಚು ನಡೆಯುವ ತಪ್ಪು ಇದೇ. ಒಂದು ಹಾಳೆಯಲ್ಲಿ ಮೂರು ಕಲಂ ಎಳೆದುಕೊಂಡು, ಕೈಗೆ ಬಂದ ಪ್ರತಿ ಅಂಕಿ ಯಾವ ಕಲಂಗೆ ಸೇರುತ್ತದೆ ಎಂದು ಮೊದಲೇ ಬರೆದುಕೊಳ್ಳಿ. ಮೂರನೆಯ ಕಲಂ ಬಹಳ ಸಲ ಖಾಲಿಯೇ ಉಳಿಯುತ್ತದೆ. ಖಾಲಿ ಇದ್ದರೆ ಖಾಲಿಯೇ ಇರಲಿ.

ಪದದ ಅರ್ಥ ಯಾರಿಗೆ ಏನು

ಈ ಘೋಷಣೆಯನ್ನು ಕನ್ನಡಕ್ಕೆ ತರಲು ಹೋದರೆ ಸಮಸ್ಯೆ ತಾನಾಗಿಯೇ ಎದುರಾಗುತ್ತದೆ. ‘ಪೊಲೀಸರ ಅನುದಾನ ಕಡಿತ ಮಾಡಿ’ ಎನ್ನಬೇಕೇ, ‘ಅನುದಾನ ನಿಲ್ಲಿಸಿ’ ಎನ್ನಬೇಕೇ? ಕಡಿತ ಎಂದರೆ ಸ್ವಲ್ಪ ಕಮ್ಮಿ. ನಿಲ್ಲಿಸುವುದೆಂದರೆ ಪೂರ್ತಿ ಇಲ್ಲ. ಇಂಗ್ಲಿಷಿನ ಪದ ಎರಡಕ್ಕೂ ಬಾಗಿಲು ತೆರೆದಿಟ್ಟುಕೊಂಡಿತ್ತು. ಅದನ್ನು ಕೂಗಿದವರಲ್ಲೇ ಮೂರು ಬಣಗಳಿದ್ದವು. ಪೊಲೀಸ್ ಇಲಾಖೆಯನ್ನೇ ಕ್ರಮೇಣ ಮುಚ್ಚಬೇಕೆನ್ನುವವರು, ಬಜೆಟ್ ಇಳಿಸಬೇಕೆನ್ನುವವರು, ಮಾನಸಿಕ ಆರೋಗ್ಯ, ವಸತಿಯಂತಹ ಕೆಲಸಗಳಿಗೆ ಅದರ ಒಂದು ಪಾಲು ಹಣ ವರ್ಗಾಯಿಸಬೇಕೆನ್ನುವವರು. ಕೇಳಿಸಿಕೊಂಡ ಮತದಾರ ತನಗೆ ತೋಚಿದ ಅರ್ಥ ಹಚ್ಚಿಕೊಂಡ.

ಆದ್ದರಿಂದ ಸಮೀಕ್ಷೆ ಓದುವಾಗ ಮೊದಲು ನೋಡಬೇಕಾದ್ದು ಪ್ರಶ್ನೆಯ ಪೂರ್ಣ ಪಠ್ಯ. ಸುದ್ದಿಯ ತಲೆಬರಹ ಸಾಲದು. ಸಮೀಕ್ಷೆ ಸಂಸ್ಥೆ ಪ್ರಕಟಿಸುವ ‘ಟಾಪ್‌ಲೈನ್’ ಕಡತ (ಪ್ರಶ್ನೆಗಳ ಪಠ್ಯ, ಒಟ್ಟು ಉತ್ತರಗಳ ಪಟ್ಟಿ) ತೆರೆದು, ಪ್ರಶ್ನೆಯಲ್ಲಿ ‘ಡಿಫಂಡ್’ ಎಂಬ ಪದ ಇತ್ತೇ, ಹಣ ಎಲ್ಲಿಗೆ ಹೋಗುತ್ತದೆಂದು ಹೇಳಿತ್ತೇ, ‘ನಿಮ್ಮ ಪ್ರದೇಶದಲ್ಲಿ’ ಎಂಬ ಮಾತಿತ್ತೇ, ‘ಈಗಿನಷ್ಟೇ ಇರಲಿ’ ಎಂಬ ಆಯ್ಕೆ ಇತ್ತೇ ಎಂಬ ನಾಲ್ಕನ್ನು ಗುರುತು ಮಾಡಿಕೊಳ್ಳಿ. ನಾಲ್ಕನೆಯದನ್ನು ಬಹಳ ಜನ ಮರೆಯುತ್ತಾರೆ. ಪ್ಯೂ ಸಂಶೋಧನಾ ಕೇಂದ್ರ 2020ರ ಜೂನ್‌ನಲ್ಲಿ ಕೇಳಿದಾಗ ಶೇ 42 ಮಂದಿ ತಮ್ಮ ಪ್ರದೇಶದ ಪೊಲೀಸ್ ಖರ್ಚು ಈಗಿನಷ್ಟೇ ಇರಲಿ ಎಂದರು, ಶೇ 31 ಹೆಚ್ಚಿಸಿ ಎಂದರು, ಶೇ 25 ಇಳಿಸಿ ಎಂದರು. ನಡುವಿನ ಆಯ್ಕೆ ಇಲ್ಲದ ‘ಹೌದು, ಇಲ್ಲ’ ಪ್ರಶ್ನೆಯಾಗಿದ್ದರೆ ಆ ಶೇ 42 ಮಂದಿ ಎರಡರಲ್ಲಿ ಒಂದು ಕಡೆಗೆ ವಾಲಲೇಬೇಕಿತ್ತು.

ಅದೇ ಬೇಸಿಗೆಯ ಎರಡು ಸಮೀಕ್ಷೆಗಳನ್ನು ಪಕ್ಕಪಕ್ಕ ಇಡಿ. ಎಬಿಸಿ–ಇಪ್ಸೋಸ್ ಜೂನ್‌ನಲ್ಲಿ ಘೋಷಣೆಯ ಹೆಸರು ಹಿಡಿದು ಕೇಳಿದಾಗ ಶೇ 34 ಬೆಂಬಲ, ಶೇ 64 ವಿರೋಧ. ಅದೇ ಸಮೀಕ್ಷೆ ಘೋಷಣೆ ಬಿಟ್ಟು, ಪೊಲೀಸ್ ಬಜೆಟ್ ಇಳಿಸಿ ಆರೋಗ್ಯ ಮತ್ತು ಸಾಮಾಜಿಕ ಯೋಜನೆಗಳಿಗೆ ಕೊಡುವುದರ ಬಗ್ಗೆ ಕೇಳಿದಾಗ ಶೇ 39 ಬೆಂಬಲ, ಶೇ 60 ವಿರೋಧ. ಗ್ಯಾಲಪ್ ಹೆಚ್ಚುಕಡಿಮೆ ಇದೇ ಯೋಜನೆಯನ್ನು ತನ್ನ ಮಾತಿನಲ್ಲಿ ಕೇಳಿದಾಗ ಬೆಂಬಲ ಶೇ 47, ಇಲಾಖೆಯನ್ನೇ ತೆಗೆದುಹಾಕಲು ಬೆಂಬಲ ಶೇ 15.

ಇಲ್ಲಿಂದ ಏನು ಕಲಿಯಬೇಕು? ‘ಘೋಷಣೆ ಕೆಟ್ಟದ್ದು, ಯೋಜನೆ ಜನಪ್ರಿಯ’ ಎಂಬ ಮಾತು ಆಗ ಬಹಳ ಕೇಳಿಬಂತು. ಒಂದೇ ಸಮೀಕ್ಷೆಯೊಳಗೆ ನೋಡಿದರೆ ಪದ ತೆಗೆದದ್ದರಿಂದ ಏರಿದ್ದು 5 ಶೇಕಡಾ ಅಂಶ. ಯೋಜನೆಗೂ ಬಹುಮತ ಇರಲಿಲ್ಲ. ಒಂದು ಸಂಸ್ಥೆಯ 34ನ್ನೂ ಇನ್ನೊಂದರ 47ನ್ನೂ ಕಳೆದು ‘ಘೋಷಣೆಯಿಂದ 13 ಅಂಶ ನಷ್ಟ’ ಎನ್ನುವುದು ಸುಳ್ಳು ಲೆಕ್ಕ. ದಿನ ಬೇರೆ, ಮಾದರಿ ಬೇರೆ, ಪಠ್ಯ ಬೇರೆ. ವ್ಯತ್ಯಾಸ ಕಳೆಯಬೇಕಾದರೆ ಎರಡೂ ಪ್ರಶ್ನೆ ಒಂದೇ ಸಮೀಕ್ಷೆಯೊಳಗಿರಬೇಕು, ಒಬ್ಬರಿಗೆ ಒಂದೇ ಪ್ರಶ್ನೆ ಹೋಗಬೇಕು, ಯಾರಿಗೆ ಯಾವುದು ಎನ್ನುವುದು ಚೀಟಿ ಎತ್ತಿದಂತೆ ತೀರ್ಮಾನವಾಗಬೇಕು.

ಹಣದ ಲೆಕ್ಕ ಗೊತ್ತಿರಲಿ

ಅಮೆರಿಕದಲ್ಲಿ ಸುಮಾರು 18,000 ಪೊಲೀಸ್ ಸಂಸ್ಥೆಗಳಿವೆ. ಅವುಗಳ ಖರ್ಚಿನ ಬಹುಪಾಲು ನಗರ ಮತ್ತು ಕೌಂಟಿ (ಜಿಲ್ಲೆಯಂಥ ಆಡಳಿತ ಘಟಕ) ಬಜೆಟ್‌ಗಳದ್ದು. ರಾಜ್ಯ, ಸ್ಥಳೀಯ ಸರ್ಕಾರಗಳು ಸೇರಿ 2017ರಲ್ಲಿ ಪೊಲೀಸರಿಗೆ ಖರ್ಚು ಮಾಡಿದ್ದು ಸುಮಾರು 11,500 ಕೋಟಿ ಡಾಲರ್. ಕೇಂದ್ರದಿಂದ ಬರುವ ನೆರವು ಅದರ ಮುಂದೆ ಸಣ್ಣದು. ಅಂದರೆ ಪ್ರತಿನಿಧಿ ಸಭೆಗೆ ನಿಂತ ಅಭ್ಯರ್ಥಿಗೆ ತನ್ನ ಊರಿನ ಠಾಣೆಯ ಬಜೆಟ್ ಮೇಲೆ ನೇರ ಹಿಡಿತವೇ ಇಲ್ಲ. ಆದರೂ ಜಾಹೀರಾತು ಬಿದ್ದದ್ದು ಆ ಅಭ್ಯರ್ಥಿಯ ಮೇಲೆ. ಮತದಾರ ಇಲ್ಲಿ ಪ್ರತಿಕ್ರಿಯಿಸುತ್ತಿರುವುದು ‘ಈ ಪಕ್ಷ ಯಾರ ಕಡೆಗಿದೆ’ ಎಂಬ ಗುರುತಿಗೆ. ಬಜೆಟ್ ಅವನ ಮುಂದೆ ಬಂದೇ ಇಲ್ಲ. ಪ್ರಶ್ನಾವಳಿ ಬರೆಯುವಾಗ ಈ ಎರಡನ್ನು ಬೇರೆಯಾಗಿ ಕೇಳದಿದ್ದರೆ ಮುಂದಿನ ಲೆಕ್ಕವೆಲ್ಲ ಕಲಸುಮೇಲೋಗರ.

ಘೋಷಣೆಗೂ ನಡೆದದ್ದಕ್ಕೂ ಇದ್ದ ಅಂತರವನ್ನೂ ಬರೆದಿಟ್ಟುಕೊಳ್ಳಿ. 2020ರ ಜೂನ್ 7ರಂದು ಮಿನಿಯಾಪೊಲಿಸ್ ನಗರ ಸಭೆಯ 9 ಸದಸ್ಯರು ಪೌಡರ್‌ಹಾರ್ನ್ ಪಾರ್ಕಿನ ವೇದಿಕೆಯಲ್ಲಿ ನಿಂತು ಪೊಲೀಸ್ ಇಲಾಖೆಯನ್ನು ಕಳಚಿಹಾಕುವ ಮಾತು ಕೊಟ್ಟರು. ಅದೇ ಡಿಸೆಂಬರ್‌ನಲ್ಲಿ ಸುಮಾರು 17.9 ಕೋಟಿ ಡಾಲರ್ ಬಜೆಟ್‌ನಿಂದ ಸಭೆ ಬೇರೆಡೆಗೆ ತಿರುಗಿಸಿದ್ದು 80 ಲಕ್ಷ ಡಾಲರಿನ ಆಸುಪಾಸು. ನ್ಯೂಯಾರ್ಕ್ 100 ಕೋಟಿ ಡಾಲರ್ ಸರಿಸಿದೆವೆಂದು ಘೋಷಿಸಿತು. ಶಾಲಾ ಕಾವಲು ಸಿಬ್ಬಂದಿಯ ವೆಚ್ಚವನ್ನು ಶಿಕ್ಷಣ ಇಲಾಖೆಯ ತಲೆಗೆ ಹಾಕುವಂಥ ಲೆಕ್ಕಬದಲಾವಣೆಗಳೂ ಅದರಲ್ಲಿ ಸೇರಿದ್ದವು. ಟೆಕ್ಸಸ್‌ನ ಆಸ್ಟಿನ್ ನಗರ ಸುಮಾರು 15 ಕೋಟಿ ಡಾಲರ್ ಎಂದಿತು. ತಕ್ಷಣದ ಕಡಿತ ಅದರಲ್ಲಿ ಸಣ್ಣ ಪಾಲು, ಉಳಿದದ್ದು ವಿಭಾಗಗಳ ವರ್ಗಾವಣೆ. ಮರುವರ್ಷ ಟೆಕ್ಸಸ್ ಶಾಸನಸಭೆ ದೊಡ್ಡ ನಗರಗಳು ಪೊಲೀಸ್ ಬಜೆಟ್ ಇಳಿಸಿದರೆ ದಂಡನೆ ಎಂಬ ಕಾನೂನು ತಂದಿತು, ಆಸ್ಟಿನ್ ಬಜೆಟ್ ಮತ್ತೆ ಏರಿತು. ‘ಪೊಲೀಸ್ ಕಡಿತದ ಫಲವನ್ನು ಜನ ಅನುಭವಿಸಿ ಮತ ಹಾಕಿದರು’ ಎಂದು ಯಾರಾದರೂ ಹೇಳಿದರೆ, ಯಾವ ನಗರ, ಯಾವ ತಿಂಗಳು, ಎಷ್ಟು ಹಣ ಎಂದು ಕೇಳಿ. ಹೆಚ್ಚಿನ ಕಡೆ ಜನ ಕೇಳಿದ್ದು ಕೂಗನ್ನು ಮಾತ್ರ.

ಪ್ರಯೋಗ ಕಟ್ಟುವುದು

ಪದದ ಪರಿಣಾಮ ಅಳೆಯಲು ಸಮೀಕ್ಷೆಯೊಳಗಿನ ಪ್ರಯೋಗಕ್ಕಿಂತ ಒಳ್ಳೆಯ ಸಾಧನ ಇಲ್ಲ. ನಾಲ್ಕು ಗುಂಪು ಸಾಕು:

1. ಘೋಷಣೆ ಮಾತ್ರ ಓದುವವರು.
2. ಘೋಷಣೆ ಇಲ್ಲದೆ ಯೋಜನೆಯ ವಿವರ ಓದುವವರು: ಎಷ್ಟು ಪಾಲು ಹಣ, ಎಲ್ಲಿಂದ, ಎಲ್ಲಿಗೆ.
3. ಘೋಷಣೆಯನ್ನೂ ಅದರ ಕೆಳಗೆ ಅದೇ ವಿವರವನ್ನೂ ಓದುವವರು.
4. ಪೊಲೀಸ್ ವಿಷಯವೇ ಇಲ್ಲದ, ಅಷ್ಟೇ ಉದ್ದದ ಬೇರೊಂದು ಪಠ್ಯ ಓದುವವರು.

ಮೂರನೆಯ ಗುಂಪನ್ನು ಉಳಿಸಲು ಕೆಲವರು ಹಿಂಜರಿಯುತ್ತಾರೆ, ಆದರೆ ಅಸಲಿ ಉತ್ತರ ಸಿಗುವುದು ಅಲ್ಲಿಯೇ. ‘ವಿವರಿಸಿದರೆ ಜನ ಒಪ್ಪುತ್ತಾರೆ’ ಎಂದು ಘೋಷಣೆಯ ಪರವಾಗಿದ್ದವರ ವಾದ. ‘ಆ ಪದ ಕೇಳಿದ ಮೇಲೆ ವಿವರ ಕಿವಿಗೆ ಬೀಳುವುದೇ ಇಲ್ಲ’ ಎಂದು ವಿರೋಧಿಗಳ ವಾದ. 2020ರ ಡಿಸೆಂಬರ್‌ನಲ್ಲಿ ಬರಾಕ್ ಒಬಾಮ ಹೇಳಿದ್ದೂ ಇದನ್ನೇ: ಆ ಪದ ಬಾಯಿಂದ ಬಂದ ಕ್ಷಣವೇ ದೊಡ್ಡದೊಂದು ಶ್ರೋತೃವರ್ಗ ಕೈತಪ್ಪುತ್ತದೆ. ಎರಡನೆಯ ಮತ್ತು ಮೂರನೆಯ ಗುಂಪುಗಳ ನಡುವಿನ ಅಂತರವೇ ಈ ಜಗಳಕ್ಕೆ ಒರೆಗಲ್ಲು.

ಎಷ್ಟು ಜನ ಬೇಕು? 5 ಅಂಶದ ವ್ಯತ್ಯಾಸವನ್ನು ನೂರಕ್ಕೆ ಎಂಬತ್ತು ಸಲ ಹಿಡಿಯಬೇಕೆಂದರೆ ಪ್ರತಿ ಗುಂಪಿಗೆ ಸುಮಾರು 1,570 ಮಂದಿ, ನಾಲ್ಕಕ್ಕೆ 6,300ರ ಹತ್ತಿರ. 10 ಅಂಶದ ವ್ಯತ್ಯಾಸಕ್ಕೆ ಗುಂಪಿಗೆ 390 ಸಾಕು. 3 ಅಂಶಕ್ಕೆ 4,360 ಬೇಕು. ವ್ಯತ್ಯಾಸ ಅರ್ಧವಾದರೆ ಜನ ನಾಲ್ಕು ಪಟ್ಟು. 1,000 ಜನರ ಮಾಮೂಲಿ ಸಮೀಕ್ಷೆಯನ್ನು ಎರಡು ಹೋಳು ಮಾಡಿದರೆ, ಹೋಳುಗಳ ನಡುವಿನ ವ್ಯತ್ಯಾಸಕ್ಕೆ 6 ಅಂಶದಷ್ಟು ಏರುಪೇರು ಇದ್ದೇ ಇರುತ್ತದೆ. ಸುದ್ದಿಯಲ್ಲಿ ಕೊಡುವ ‘ಪ್ಲಸ್ ಅಥವಾ ಮೈನಸ್ 3’ ಇಡೀ ಮಾದರಿಗೆ ಸಂಬಂಧಿಸಿದ್ದು, ಹೋಳುಗಳಿಗಲ್ಲ. ಹಣ ಕಡಿಮೆಯಿದ್ದರೆ ಗುಂಪು ಕಡಿಮೆ ಮಾಡಿ; ಗುಂಪಿನೊಳಗಿನ ಜನರನ್ನು ಕಡಿಮೆ ಮಾಡಬೇಡಿ.

ಪ್ರಶ್ನೆಗಳ ಸಾಲು ಹೀಗಿರಲಿ. ಮೊದಲು, ಪೊಲೀಸ್ ಎಂಬ ಪದ ಎಲ್ಲೂ ಬಾರದಂತೆ, ‘ದೇಶದ ಮುಂದಿರುವ ಅತಿ ದೊಡ್ಡ ಸಮಸ್ಯೆ ಯಾವುದು’ ಎಂಬ ತೆರೆದ ಪ್ರಶ್ನೆ. ಪಕ್ಷ, ವಯಸ್ಸು, ಕಳೆದ ಸಲದ ಮತ ಇತ್ಯಾದಿ ಇಲ್ಲಿಯೇ ಕೇಳಿ ಮುಗಿಸಿ. ಪಠ್ಯ ಓದಿದ ಮೇಲೆ ಕೇಳಿದರೆ ಆ ಉತ್ತರಗಳೂ ಬಣ್ಣ ಹಿಡಿಯುತ್ತವೆ. ಆಮೇಲೆ ಪಠ್ಯ. ಆಮೇಲೆ ಐದು ಮೆಟ್ಟಿಲಿನ ಬೆಂಬಲ–ವಿರೋಧ, ಜೊತೆಗೆ ‘ಗೊತ್ತಿಲ್ಲ’. ಆಮೇಲೆ, ಈ ಮಾತು ಹೇಳಿದ ಅಭ್ಯರ್ಥಿಗೆ ಮತ ಹಾಕುವ ಸಾಧ್ಯತೆ 0ರಿಂದ 10ರೊಳಗೆ ಎಷ್ಟು ಎಂಬ ಪ್ರಶ್ನೆ. ಮತ ಹಾಕಲು ಹೋಗುವ ಸಾಧ್ಯತೆ ಇನ್ನೊಂದು ಬೇರೆ ಪ್ರಶ್ನೆ. ಕೊನೆಗೆ: ‘ಇದು ಜಾರಿಯಾದರೆ ನಿಮ್ಮ ಊರಿನ ಪೊಲೀಸ್ ವ್ಯವಸ್ಥೆಯಲ್ಲಿ ಏನು ಬದಲಾಗುತ್ತದೆ? ನಿಮ್ಮ ಮಾತಿನಲ್ಲಿ ಬರೆಯಿರಿ.’

ಈ ಕೊನೆಯ ಪ್ರಶ್ನೆಯ ಉತ್ತರಗಳನ್ನು ಇಬ್ಬರು, ಒಬ್ಬರದ್ದನ್ನು ಇನ್ನೊಬ್ಬರು ನೋಡದೆ, ಐದು ಡಬ್ಬಿಗಳಿಗೆ ವಿಂಗಡಿಸಬೇಕು: ಇಲಾಖೆ ಇರುವುದಿಲ್ಲ, ಹಣ ಕಮ್ಮಿಯಾಗುತ್ತದೆ, ಹಣ ಬೇರೆಡೆ ಹೋಗುತ್ತದೆ, ತರಬೇತಿ ಅಥವಾ ನಿಯಮ ಬದಲಾಗುತ್ತದೆ, ಅರ್ಥವಾಗಲಿಲ್ಲ. ಇಬ್ಬರ ವಿಂಗಡಣೆ ತಾಳೆಯಾಗದಿದ್ದರೆ ಡಬ್ಬಿಗಳ ವಿವರಣೆಯನ್ನೇ ತಿದ್ದಿ, ಮತ್ತೆ ಮೊದಲಿನಿಂದ ವಿಂಗಡಿಸಿ. ಬೇಸರದ ಕೆಲಸ ನಿಜ. ಆದರೆ ಜನ ತಿರಸ್ಕರಿಸಿದ್ದು ಯೋಜನೆಯನ್ನೋ ಅದರ ತಪ್ಪು ಗ್ರಹಿಕೆಯನ್ನೋ ಎಂದು ಹೇಳಬಲ್ಲ ದತ್ತಾಂಶ ಇದೊಂದೇ.

ಇಂಥ ಪ್ರಯೋಗಕ್ಕೆ ಎರಡು ದೌರ್ಬಲ್ಯಗಳಿವೆ. ಒಂದು, 2020ರ ಬೇಸಿಗೆಯ ನಂತರ ಈ ಘೋಷಣೆ ಕೇಳದವರು ಅಮೆರಿಕದಲ್ಲಿ ಅಪರೂಪ. ನಿಮ್ಮ ‘ಪಠ್ಯವಿಲ್ಲದ’ ನಾಲ್ಕನೆಯ ಗುಂಪಿನವರೂ ಅದನ್ನು ನೂರಾರು ಸಲ ಕೇಳಿ ಬಂದವರೇ. ಹಾಗಾಗಿ ಪ್ರಯೋಗ ಅಳೆಯುವುದು ಇನ್ನೊಂದು ಸಲ ಕೇಳಿದ್ದರ ಪರಿಣಾಮವನ್ನು. ಮೊದಲು ಆಗಿಹೋದದ್ದು ಅದರ ಕೈಗೆ ಸಿಗುವುದಿಲ್ಲ. ಎರಡು, ಓದಿದ ಐದು ನಿಮಿಷಕ್ಕೆ ಕೇಳಿದ ಉತ್ತರ ಹತ್ತು ದಿನಕ್ಕೆ ಮಾಸಿರಬಹುದು. ಅದೇ ಜನರನ್ನು 7ರಿಂದ 10 ದಿನ ಬಿಟ್ಟು ಮತ್ತೆ ಕೇಳಲು ಬಜೆಟ್‌ನಲ್ಲಿ ಮೊದಲೇ ಹಣ ಎತ್ತಿಡಿ.

ವರ್ಷದಿಂದ ವರ್ಷಕ್ಕೆ ಅಂಕಿ ಬದಲಾದಾಗ

ಪ್ಯೂ ಕೇಂದ್ರ ಅದೇ ಪ್ರಶ್ನೆಯನ್ನು 2021ರ ಸೆಪ್ಟೆಂಬರ್‌ನಲ್ಲಿ ಮತ್ತೆ ಕೇಳಿತು. ಖರ್ಚು ಹೆಚ್ಚಿಸಿ ಎನ್ನುವವರು ಶೇ 31ರಿಂದ 47ಕ್ಕೆ ಏರಿದ್ದರು, ಇಳಿಸಿ ಎನ್ನುವವರು 25ರಿಂದ 15ಕ್ಕೆ ಇಳಿದಿದ್ದರು. ಪಠ್ಯ ಒಂದೇ ಆದ್ದರಿಂದ ಈ ಹೋಲಿಕೆ ಗಟ್ಟಿ. ಆದರೆ ಕಾರಣ? 2020ರಲ್ಲಿ ದೇಶದ ಕೊಲೆ ಪ್ರಕರಣಗಳು ಹಿಂದಿನ ವರ್ಷಕ್ಕಿಂತ ಶೇ 30ರ ಆಸುಪಾಸು ಏರಿದ್ದವು. ಒಂದೇ ವರ್ಷದಲ್ಲಿ ಅಂಥ ಏರಿಕೆ ಅಧಿಕೃತ ದಾಖಲೆಯಲ್ಲೇ ಇರಲಿಲ್ಲ. ಕೋವಿಡ್ ಇತ್ತು. ಸರ್ಕಾರ ಬದಲಾಗಿತ್ತು. ಘೋಷಣೆಗೆ ತಿರುಗೇಟೂ ಇತ್ತು. ಎರಡು ಚುಕ್ಕಿಗಳನ್ನು ಸೇರಿಸುವ ಗೆರೆಯಿಂದ ಇವನ್ನು ಬಿಡಿಸಲಾಗದು. ‘ಘೋಷಣೆ ಕೇಳಿದವರು, ಕೇಳದವರು’ ಎಂದು ವಿಂಗಡಿಸುವುದೂ ಉಪಾಯವಲ್ಲ. ರಾಜಕೀಯ ಸುದ್ದಿ ಹೆಚ್ಚು ನೋಡುವವರು ಮೊದಲಿನಿಂದಲೂ ಬೇರೆ ಬಗೆಯ ಜನ.

ಕಪ್ಪು ಜನರ ಅಭಿಪ್ರಾಯದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ಈ ಘೋಷಣೆ ಎದ್ದದ್ದೇ ಅವರ ಮೇಲಿನ ಪೊಲೀಸ್ ಹಿಂಸೆಯಿಂದ: 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಅವರ ಕೊಲೆ. ಆ ಬೇಸಿಗೆಯ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ 81ರಷ್ಟು ಕಪ್ಪು ಅಮೆರಿಕನ್ನರು ತಮ್ಮ ಪ್ರದೇಶದಲ್ಲಿ ಪೊಲೀಸರು ಈಗಿನಷ್ಟೇ ಅಥವಾ ಇನ್ನೂ ಹೆಚ್ಚು ಸಮಯ ಇರಲಿ ಎಂದರು. ಈ ಅಂಕಿಯನ್ನು ‘ಶೇ 81 ಮಂದಿ ಬಜೆಟ್ ಕಡಿತಕ್ಕೆ ವಿರೋಧ’ ಎಂದು ಬರೆದವರು ಬಹಳ. ಪ್ರಶ್ನೆ ಕೇಳಿದ್ದು ಸಮಯದ ಬಗ್ಗೆ, ಹಣದ ಬಗ್ಗೆ ಅಲ್ಲ. ಪೊಲೀಸರು ಬೀದಿಯಲ್ಲಿ ಇರಲಿ ಎನ್ನುವವರೇ, ಆ ಪೊಲೀಸರು ಬೇರೆ ರೀತಿ ನಡೆದುಕೊಳ್ಳಲಿ, ಮಾನಸಿಕ ಅಸ್ವಸ್ಥರ ಕರೆಗೆ ಬೇರೆಯವರು ಬರಲಿ ಎಂದೂ ಬಯಸಬಲ್ಲರು. ಅದರಲ್ಲಿ ವಿರೋಧಾಭಾಸ ಏನೂ ಇಲ್ಲ. ಇನ್ನು, 1,000 ಜನರ ಮಾದರಿಯಲ್ಲಿ ಕಪ್ಪು ಜನರು ಸುಮಾರು 120 ಇದ್ದರೆ ಅವರ ಅಂಕಿಗೆ 9 ಅಂಶದಷ್ಟು ಏರುಪೇರು. ಅವರ ಬಗ್ಗೆ ಏನಾದರೂ ಹೇಳುವ ಉದ್ದೇಶವಿದ್ದರೆ ಆ ಗುಂಪಿನಿಂದ ಹೆಚ್ಚುವರಿಯಾಗಿ 500ರಿಂದ 600 ಜನರನ್ನು ಸೇರಿಸಿಕೊಂಡು, ಒಟ್ಟು ಲೆಕ್ಕದಲ್ಲಿ ಅವರ ತೂಕವನ್ನು ಜನಸಂಖ್ಯೆಯ ಪಾಲಿಗೆ ಇಳಿಸಿ.

ಮತಪತ್ರದ ಮೇಲೆ ನೇರ ಪ್ರಶ್ನೆ ಬಂದ ಊರುಗಳು

ಸಮೀಕ್ಷೆಯಲ್ಲಿ ಹೇಳುವುದು ಒಂದು, ಮತಗಟ್ಟೆಯಲ್ಲಿ ಗುರುತು ಹಾಕುವುದು ಇನ್ನೊಂದು. ಅದೃಷ್ಟಕ್ಕೆ ಮೂರು ಕಡೆ ಈ ವಿಷಯ ನೇರವಾಗಿ ಮತಪತ್ರದ ಮೇಲೆ ಬಂತು. ಮೂರನ್ನೂ ಒಟ್ಟಿಗೆ ಓದಬೇಕು. ಒಂದನ್ನೇ ಎತ್ತಿಕೊಂಡರೆ ಯಾವ ವಾದಕ್ಕೆ ಬೇಕಾದರೂ ಸಾಕ್ಷಿ ಸಿಗುತ್ತದೆ.

ಮಿನಿಯಾಪೊಲಿಸ್, 2021ರ ನವೆಂಬರ್ 2. ಎರಡನೆಯ ಪ್ರಶ್ನೆ: ಪೊಲೀಸ್ ಇಲಾಖೆಯ ಬದಲು ಸಾರ್ವಜನಿಕ ಸುರಕ್ಷತಾ ಇಲಾಖೆ ತರಬೇಕೇ? ಸುಮಾರು ಶೇ 56 ಮಂದಿ ಬೇಡ ಎಂದರು, ಶೇ 44 ಬೇಕು ಎಂದರು. ಪಠ್ಯದಲ್ಲಿ ‘ಡಿಫಂಡ್’ ಎಂಬ ಪದ ಇರಲಿಲ್ಲ. ಹೊಸ ಇಲಾಖೆಯಲ್ಲಿ ‘ಅಗತ್ಯವಿದ್ದರೆ’ ಪೊಲೀಸ್ ಅಧಿಕಾರಿಗಳು ಇರಬಹುದು ಎಂದಿತ್ತು. ಆ ‘ಅಗತ್ಯವಿದ್ದರೆ’ ಎಂಬುದನ್ನು ಓದಿದ ಮತದಾರನ ಮನಸ್ಸಿನಲ್ಲಿ ಏಳುವ ಅನುಮಾನವನ್ನು ಊಹಿಸಿ ನೋಡಿ. ಪ್ರಸ್ತಾವ ಗೆದ್ದಿದ್ದರೆ, 1,000 ನಿವಾಸಿಗಳಿಗೆ 1.7ರ ಲೆಕ್ಕದಲ್ಲಿ ಪೊಲೀಸ್ ಸಿಬ್ಬಂದಿ ಇರಲೇಬೇಕೆಂಬ ನಗರ ಸನ್ನದಿನ ನಿಯಮವೂ ಹೋಗುತ್ತಿತ್ತು. ಪಠ್ಯ ಹೇಗಿರಬೇಕೆಂಬ ಜಗಳ ರಾಜ್ಯದ ಸುಪ್ರೀಂ ಕೋರ್ಟಿನವರೆಗೆ ಹೋಗಿ ಸೆಪ್ಟೆಂಬರ್‌ನಲ್ಲಿ, ಮುಂಗಡ ಮತದಾನ ಶುರುವಾಗುವ ಹೊಸ್ತಿಲಲ್ಲಿ, ತೀರ್ಮಾನವಾಯಿತು. ಅದೇ ಮತಪತ್ರದಲ್ಲಿ ಮನೆ ಬಾಡಿಗೆ ನಿಯಂತ್ರಣಕ್ಕೆ ದಾರಿ ಮಾಡುವ ಪ್ರಸ್ತಾವವೂ ಇತ್ತು. ಅದು ಸುಮಾರು ಶೇ 53ರೊಂದಿಗೆ ಗೆದ್ದಿತು. ಅಂದರೆ ಮತ ಹಾಕಿದವರು ದಿಢೀರನೆ ಬಲಕ್ಕೆ ವಾಲಿದವರಲ್ಲ. ಅದೇ ಜನ, ಅದೇ ದಿನ, ಒಂದು ಸುಧಾರಣೆಯನ್ನು ಹಿಡಿದು ಇನ್ನೊಂದನ್ನು ಬಿಟ್ಟರು.

ಲಾಸ್ ಏಂಜಲಿಸ್ ಕೌಂಟಿ, 2020ರ ನವೆಂಬರ್ 3. ‘ಮೆಷರ್ ಜೆ’: ಕೌಂಟಿಯ ಸ್ವಂತ, ನಿರ್ಬಂಧವಿಲ್ಲದ ಆದಾಯದಲ್ಲಿ ಕನಿಷ್ಠ ಶೇ 10 ಭಾಗ ಸಮುದಾಯದ ಕೆಲಸಗಳಿಗೆ, ಜೈಲಿಗೆ ಬದಲಿ ವ್ಯವಸ್ಥೆಗಳಿಗೆ ಮೀಸಲು, ಆ ಹಣವನ್ನು ಜೈಲು, ಪೊಲೀಸ್ ಖರ್ಚಿಗೆ ಬಳಸುವಂತಿಲ್ಲ. ಶೇ 57ರೊಂದಿಗೆ ಗೆದ್ದಿತು. ಹಣದ ದಿಕ್ಕು ಘೋಷಣೆ ಬಯಸಿದ್ದೇ. ಮಾತು ಮಾತ್ರ ಕೊಡುವುದರ ಬಗ್ಗೆ ಇತ್ತು, ಕಿತ್ತುಕೊಳ್ಳುವುದರ ಬಗ್ಗೆ ಇರಲಿಲ್ಲ.

ಆಸ್ಟಿನ್, 2021ರ ನವೆಂಬರ್ 2. ‘ಪ್ರೊಪೊಸಿಷನ್ ಎ’ ಉಲ್ಟಾ ದಿಕ್ಕಿನದು: 1,000 ಜನರಿಗೆ ಕನಿಷ್ಠ 2 ಪೊಲೀಸರು ಇರಲೇಬೇಕು. ಐದು ವರ್ಷಕ್ಕೆ 27 ಕೋಟಿಯಿಂದ 60 ಕೋಟಿ ಡಾಲರ್‌ವರೆಗೆ ಆಗಬಹುದೆಂದು ನಗರಾಡಳಿತ ಅಂದಾಜು ಕೊಟ್ಟಿತು. ಉದ್ಯಾನ, ಗ್ರಂಥಾಲಯ, ಅಗ್ನಿಶಾಮಕ ಸೇವೆಯ ಹಣ ಹೋಗುತ್ತದೆಂದು ವಿರೋಧಿಗಳು ಹೇಳಿದರು. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮತದಾರರು ಅದನ್ನು ತಳ್ಳಿಹಾಕಿದರು. ಮಿನಿಯಾಪೊಲಿಸ್ ಪ್ರಸ್ತಾವ ಬಿದ್ದದ್ದೂ ಅದೇ ದಿನ.

ನಮ್ಮ ಓದು ಹೀಗಿದೆ: ಮೂರೂ ಕಡೆ ಮತದಾರ ಕೇಳಿದ್ದು ‘ನನ್ನ ಕೈಯಲ್ಲಿರುವ ಏನು ಹೋಗುತ್ತದೆ’ ಎಂಬ ಪ್ರಶ್ನೆ. ಪೊಲೀಸ್ ಹೋಗುತ್ತಾರೆ ಎನಿಸಿದ ಕಡೆ ಬೇಡ ಎಂದ, ಗ್ರಂಥಾಲಯ ಹೋಗುತ್ತದೆ ಎನಿಸಿದ ಕಡೆಯೂ ಬೇಡ ಎಂದ, ಏನೂ ಹೋಗುವುದಿಲ್ಲ ಎನಿಸಿದ ಕಡೆ ಬೇಕು ಎಂದ. ಮೂರು ಉದಾಹರಣೆಗಳಿಂದ ನಿಯಮ ಮಾಡಲಾಗದು, ಆದರೆ ಮುಂದಿನ ಪ್ರಯೋಗದಲ್ಲಿ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಊಹೆ ನಮಗೆ ಕಂಡಿಲ್ಲ.

ಇಂಥ ಪ್ರಸ್ತಾವ ಓದುವಾಗ ಅಧಿಕೃತ ಮತಪತ್ರದ ಪಠ್ಯ, ಮತದಾನದ ಪ್ರಮಾಣ, ಜೊತೆಗಿದ್ದ ಬೇರೆ ಪ್ರಶ್ನೆಗಳ ಫಲಿತಾಂಶ, ಎರಡೂ ಕಡೆಯವರು ಖರ್ಚು ಮಾಡಿದ ಹಣ, ಮತಗಟ್ಟೆವಾರು ಲೆಕ್ಕ ಇಷ್ಟನ್ನು ಕೂಡಿಹಾಕಿ. ಮತಗಟ್ಟೆವಾರು ಲೆಕ್ಕದಲ್ಲಿ ಒಂದು ಹಳ್ಳವಿದೆ: ಬಡ ಬಡಾವಣೆಯಲ್ಲಿ ‘ಬೇಡ’ ಹೆಚ್ಚು ಬಿದ್ದರೆ ಅಲ್ಲಿನ ಬಡವರೇ ಬೇಡ ಎಂದರೆಂದು ಆಗುವುದಿಲ್ಲ. ಅಲ್ಲಿ ಮತ ಹಾಕಿದವರು ಯಾರು ಎಂಬುದು ಬೇರೆ ಪ್ರಶ್ನೆ.

ಅಭ್ಯರ್ಥಿಗಳ ಸೋಲು–ಗೆಲುವು: ಅತಿ ಕಷ್ಟದ ಭಾಗ

ಘೋಷಣೆಯ ಜಾಹೀರಾತು ಹೆಚ್ಚು ಬಿದ್ದ ಕ್ಷೇತ್ರಗಳಲ್ಲಿ ಡೆಮಾಕ್ರಟರು ಹೆಚ್ಚು ಸೋತರು ಎಂದು ತೋರಿಸುವುದು ಸುಲಭ. ಅದರಿಂದ ಏನೂ ಸಾಬೀತಾಗುವುದಿಲ್ಲ. ಜಾಹೀರಾತಿಗೆ ಹಣ ಸುರಿಯುವುದೇ ಪೈಪೋಟಿ ಬಿಗಿಯಾಗಿರುವ ಕ್ಷೇತ್ರಗಳಲ್ಲಿ, ಸೋಲೂ ಅಲ್ಲಿಯೇ ಹೆಚ್ಚು. ಜಡಿಮಳೆ ಬಿದ್ದಲ್ಲಿ ಛತ್ರಿಗಳು ಹೆಚ್ಚು ಕಂಡವೆಂದು ಛತ್ರಿಯಿಂದ ಮಳೆ ಬಂತು ಎನ್ನಲಾದೀತೇ?

ಸ್ವಲ್ಪ ಒಳ್ಳೆಯ ದಾರಿ ಎಂದರೆ ಒಂದೇ ಕ್ಷೇತ್ರದೊಳಗಿನ ಹೋಲಿಕೆ. ಅಧ್ಯಕ್ಷ ಸ್ಥಾನಕ್ಕೆ ಪಕ್ಷ ಪಡೆದ ಪಾಲನ್ನು ಪ್ರತಿನಿಧಿ ಸಭೆಯ ಅಭ್ಯರ್ಥಿ ಪಡೆದ ಪಾಲಿನಿಂದ ಕಳೆಯಿರಿ. 2018ರಲ್ಲಿ ಅದೇ ಅಭ್ಯರ್ಥಿ ಎಲ್ಲಿದ್ದರು ಎಂದು ನೋಡಿ. ಘೋಷಣೆಯನ್ನು ಬಾಯಿಬಿಟ್ಟು ಬೆಂಬಲಿಸಿದವರು, ಬಾಯಿಬಿಟ್ಟು ವಿರೋಧಿಸಿದವರು, ಸುಮ್ಮನಿದ್ದವರು ಎಂದು ವಿಂಗಡಿಸಿ. ಇಲ್ಲಿಯೂ ಒಂದು ಮಿತಿ ಇದೆ. ಘೋಷಣೆ ಇಡೀ ಪಕ್ಷದ ಹಣೆಗೆ ಅಂಟಿದ್ದರೆ ಎಲ್ಲ ಅಭ್ಯರ್ಥಿಗಳೂ ಒಂದೇ ಪ್ರಮಾಣದಲ್ಲಿ ಕೆಳಗಿಳಿಯುತ್ತಾರೆ, ಆಗ ಅವರ ನಡುವಿನ ಹೋಲಿಕೆಯಲ್ಲಿ ಏನೂ ಕಾಣುವುದಿಲ್ಲ. ಹೋಲಿಕೆಯಲ್ಲಿ ಶೂನ್ಯ ಬಂದ ಮಾತ್ರಕ್ಕೆ ಪರಿಣಾಮ ಶೂನ್ಯ ಎಂದಾಗದು.

ದಿನಾಂಕವನ್ನೂ ನೋಡಿ. 2020ರಲ್ಲಿ 10 ಕೋಟಿಗೂ ಹೆಚ್ಚು ಜನ ಚುನಾವಣಾ ದಿನಕ್ಕೆ ಮೊದಲೇ ಮತ ಹಾಕಿ ಮುಗಿಸಿದ್ದರು. ಅಕ್ಟೋಬರ್ ಕೊನೆಯ ವಾರದ ಜಾಹೀರಾತು ಅವರ ಮತವನ್ನು ಬದಲಿಸಲು ಸಾಧ್ಯವೇ ಇಲ್ಲ. ಆಯಾ ರಾಜ್ಯದ ಮುಂಗಡ ಮತದಾನದ ದಿನಗಳನ್ನೂ ಜಾಹೀರಾತು ಪ್ರಸಾರದ ದಿನಗಳನ್ನೂ ಒಂದರ ಪಕ್ಕ ಒಂದು ಬರೆದರೆ ಎಷ್ಟೋ ವಾದಗಳು ಅಲ್ಲಿಯೇ ಉದುರುತ್ತವೆ. ಇನ್ನೊಂದು ಹಿನ್ನೆಲೆ: ಜೋಶುವಾ ಕಲ್ಲಾ ಮತ್ತು ಡೇವಿಡ್ ಬ್ರೂಕ್‌ಮನ್ ನಿಜವಾದ ಚುನಾವಣೆಗಳ ಮತದಾರರ ನಡುವೆಯೇ ನಡೆದ 49 ಪ್ರಯೋಗಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಮಾನ್ಯ ಚುನಾವಣೆಯಲ್ಲಿ ಪ್ರಚಾರದ ನೇರ ಮನವೊಲಿಕೆ ಸರಾಸರಿ ಸೊನ್ನೆಯ ಹತ್ತಿರ. ಒಂದೇ ಘೋಷಣೆ ಹತ್ತು ಅಂಶ ಕಿತ್ತಿತು ಎನ್ನುವವರು ಇದಕ್ಕೆ ಉತ್ತರ ಕೊಡಬೇಕು. ಒಂದು ಅಂಶದಷ್ಟು ಅಲುಗಿಸಿರಬಹುದು ಎನ್ನುವವರ ಮಾತು ನಂಬಲು ಯೋಗ್ಯ. ಇದೇ ಘೋಷಣೆ ಹಿಡಿದ ದಾಳಿಗೆ ಗುರಿಯಾಗಿದ್ದ ಡೆಮಾಕ್ರಟಿಕ್ ಅಭ್ಯರ್ಥಿ ಮಂಡೇಲಾ ಬಾರ್ನ್ಸ್ ವಿಸ್ಕಾನ್ಸಿನ್‌ನಲ್ಲಿ 2022ರಲ್ಲಿ ಸೆನೆಟ್ ಸ್ಥಾನ ಸೋತದ್ದು ಸುಮಾರು ಒಂದೇ ಅಂಶದಿಂದ. ಆದರೆ ಅಷ್ಟು ಕಡಿಮೆ ಅಂತರದಲ್ಲಿ ಯಾವ ಕಾರಣವನ್ನು ಬೇಕಾದರೂ ‘ಇದರಿಂದಲೇ’ ಎನ್ನಬಹುದು ಎಂಬುದನ್ನೂ ಸೇರಿಸಿಯೇ ಬರೆಯಬೇಕು.

ಯಾರ ಮಾತು ಎಂದು ಜನ ನಂಬಿದರು

ಬೈಡನ್ 2020ರ ಜೂನ್‌ನಲ್ಲೇ ಘೋಷಣೆಯನ್ನು ವಿರೋಧಿಸಿದರು. 2022ರ ಮಾರ್ಚ್ 1ರ ಸಂಸತ್ ಭಾಷಣದಲ್ಲಿ, ಪರಿಹಾರವು ಪೊಲೀಸರ ಹಣ ಕಡಿಯುವುದರಲ್ಲಿಲ್ಲ, ಹಣ ಕೊಡುವುದರಲ್ಲಿದೆ ಎಂದು ಒತ್ತಿ ಹೇಳಿದರು. ಒಬ್ಬ ನಾಯಕ ಒಂದು ಮಾತನ್ನು ಎರಡು ವರ್ಷ ಅಲ್ಲಗಳೆಯುತ್ತಲೇ ಇರಬೇಕಾಯಿತು ಎನ್ನುವುದೇ ಅದು ಎಷ್ಟು ಗಟ್ಟಿಯಾಗಿ ಅಂಟಿತ್ತು ಎಂಬುದರ ಸೂಚನೆ. ಇದನ್ನು ಅಳೆಯಲು, 1 ಎಂದರೆ ಪೊಲೀಸ್ ಹಣ ಪೂರ್ತಿ ನಿಲ್ಲಿಸುವುದು, 7 ಎಂದರೆ ಬಹಳ ಹೆಚ್ಚಿಸುವುದು ಎಂದಿಟ್ಟು, ಪ್ರತಿ ಅಭ್ಯರ್ಥಿ, ಪ್ರತಿ ಪಕ್ಷ ಎಲ್ಲಿ ನಿಂತಿದೆ ಎಂದು ಜನರನ್ನೇ ಕೇಳಿ. ಅಭ್ಯರ್ಥಿಯ ಲಿಖಿತ ನಿಲುವನ್ನು ಅದೇ ಅಳತೆಯಲ್ಲಿ ನೀವೂ ಗುರುತಿಸಿ. ಎರಡರ ನಡುವಿನ ಅಂತರ ಆ ಅಭ್ಯರ್ಥಿಗೆ ಅಂಟಿದ ಹೊರೆ.

ದಾಳಿಗೆ ಉತ್ತರ ಕೊಡುವ ಪ್ರಚಾರ ತಂಡಕ್ಕೂ ಇದೇ ಅಳತೆಗೋಲು ಸಲ್ಲುತ್ತದೆ. ‘ನಾನು ಡಿಫಂಡ್ ಪರವಲ್ಲ’ ಎಂಬ ಉತ್ತರ ಆ ಪದವನ್ನು ಇನ್ನೊಂದು ಸಲ ಕೇಳಿಸುತ್ತದೆ. ಹೀಗೆ ಪದ ಹಿಡಿದು ಅಲ್ಲಗಳೆಯುವ ಉತ್ತರ, ಪದ ಎತ್ತದೆ ತನ್ನ ಯೋಜನೆಯನ್ನು ಹಣದ ಮೊತ್ತದ ಸಮೇತ ಹೇಳುವ ಉತ್ತರ, ಸುಮ್ಮನಿರುವುದು ಈ ಮೂರನ್ನು ಮೂರು ಗುಂಪಿಗೆ ತೋರಿಸಿ. ದಾಳಿಯ ಜಾಹೀರಾತನ್ನು ಎಲ್ಲರಿಗೂ ಮೊದಲು ತೋರಿಸುವುದು ಮುಖ್ಯ. ಅದನ್ನು ನೋಡದವರಿಗೆ ಉತ್ತರ ತೋರಿಸಿದರೆ ಇಲ್ಲದ ಗಾಯಕ್ಕೆ ಪಟ್ಟಿ ಕಟ್ಟಿದಂತೆ, ಫಲಿತಾಂಶವೂ ಅಷ್ಟೇ ಅರ್ಥಹೀನ. ಹತ್ತು ದಿನದ ನಂತರ 1ರಿಂದ 7ರ ಪ್ರಶ್ನೆಯನ್ನು ಮತ್ತೆ ಕೇಳಿ, ಆಗಲೂ ಉಳಿದ ವ್ಯತ್ಯಾಸವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಬರೆಯಲು ಕೂತಾಗ ಕ್ರಿಯಾಪದಗಳನ್ನು ಕಾಯ್ದುಕೊಳ್ಳಿ. ಪ್ರಯೋಗದ ಫಲಿತಾಂಶಕ್ಕೆ ‘ಬೆಂಬಲ ಇಳಿಸಿತು’ ಎನ್ನಬಹುದು. ಎರಡು ವರ್ಷದ ಸಮೀಕ್ಷೆಗಳ ಹೋಲಿಕೆಗೆ ‘ಈ ಅವಧಿಯಲ್ಲಿ ಬೆಂಬಲ ಇಳಿಯಿತು’ ಎನ್ನಬಹುದು, ಅಷ್ಟೆ. ಮತಪತ್ರದ ಪ್ರಸ್ತಾವಕ್ಕೆ ‘ಈ ಪಠ್ಯವನ್ನು ಮತದಾರರು ತಿರಸ್ಕರಿಸಿದರು’ ಎಂದು ಬರೆದು, ಪಠ್ಯವನ್ನು ಪೂರ್ತಿ ಕೆಳಗೆ ಕೊಡಿ. ‘ಚುನಾವಣೆ ಸೋಲಿಸಿತು’ ಎಂದು ಬರೆಯುವ ಮೊದಲು ಮೂರನೆಯ ಕಲಂ ತೆರೆದು, ಅಲ್ಲಿ ಏನು ಬರೆದಿದೆ ನೋಡಿ.